ಸದ್ದಿಲ್ಲದೆ ಬದಲಾಗುವ ಬಿಡಿಭಾಗ

ನನ್ನ ಪಿಕಪ್ ಗಾಡಿ 2019ರದು. ವಿಜಯಪುರದಾಗ ಸಾಲ ಮಾಡಿ ತಂದದ್ದು. ನಮ್ಮದು ಬಬಲೇಶ್ವರದ ಕಡೆ ಒಣಬೇಸಾಯ. ಜೋಳ, ಕಡಲೆ, ತೊಗರಿ. ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಈ ಗಾಡಿಯ ಬಾಡಿಗೆ. ತಿಕೋಟಾದ ತೋಟದವರ ಒಣದ್ರಾಕ್ಷಿ ತಾಸಗಾವಿ ಪೇಟೆಗೆ ಒಯ್ಯುತ್ತೇನೆ.

2022ರ ಬೇಸಗಿಯಲ್ಲಿ ಕೂಲಂಟ್ ಇಳಿಯತೊಡಗಿತು. ಗಾಡಿ ಕೆಳಗೆ ಒಂದು ಹನಿಯೂ ಇಲ್ಲ. ಮುಂಜಾನೆ ಚಾಲೂ ಮಾಡಿದರೆ ಸೈಲೆನ್ಸರಿನಿಂದ ಬಿಳಿ ಹೊಗೆ. ನೀರು ಸುರಿದು ಸುರಿದು ಓಡಿಸಿದೆ, ಅದು ನನ್ನ ತಪ್ಪು. ಒಂದು ದಿನ ತಿಕೋಟಾ ಹತ್ತಿರ ಇಂಜಿನ್ ಕಾದು ನಿಂತೇಬಿಟ್ಟಿತು. ಮಿಸ್ತ್ರಿ ಹೆಡ್ ಇಳಿಸಿ ಗ್ಯಾಸ್ಕೆಟ್ ಹಾಕಿದ. 28,000 ರೂಪಾಯಿ. ಎರಡು ತಿಂಗಳಿಗೆ ಮತ್ತೆ ಅದೇ ರೋಗ.

ಮೂಲ ಇದ್ದದ್ದು ಇಜಿಆರ್ ಕೂಲರಿನಲ್ಲಿ. ಹೊಗೆಯ ವಿಷ ಕಡಿಮೆಯಾಗಲೆಂದು ಈಗಿನ ಡೀಸೆಲ್ ಇಂಜಿನ್ ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ತಿರುಗಿ ಒಳಗೆ ಎಳೆದುಕೊಳ್ಳುತ್ತದೆ. ಅದನ್ನು ತಣಿಸಲು ಒಂದು ಸಣ್ಣ ಡಬ್ಬಿ. ಅದರೊಳಗೆ ಒಂದು ಕಡೆ ಹೊಗೆ, ಇನ್ನೊಂದು ಕಡೆ ಕೂಲಂಟ್. ನಡುವಿನ ತಗಡು ಸೀಳಿದರೆ ಕೂಲಂಟ್ ಹೊರಗೆ ಬೀಳುವುದಿಲ್ಲ, ಇಂಜಿನ್ನೊಳಗೆ ಹೋಗಿ ಆವಿಯಾಗುತ್ತದೆ. ಮಿಸ್ತ್ರಿಗೆ ಸೋರಿಕೆ ಸಿಗದೇ ಇದ್ದದ್ದು ಇದಕ್ಕೇ.

ಪಕ್ಕದ ಊರಿನ ಗೆಳೆಯನದೂ ಇದೇ ಗಾಡಿ, ಇದೇ ವರ್ಷದ್ದು. ಅವನು ಸರ್ವಿಸಿಗೆ ಯಾವಾಗಲೂ ಶೋರೂಮಿಗೇ ಹೋಗುವವ. ಅವನ ಜಾಬ್ ಕಾರ್ಡಿನಲ್ಲಿ ಒಂದು ಸಾಲು ಇತ್ತು: ಇಜಿಆರ್ ಕೂಲರ್ ಬದಲಿ, ದರ ಸೊನ್ನೆ. ಯಾಕೆ ಬದಲಿಸಿದರೆಂದು ಅವನಿಗೇ ಗೊತ್ತಿಲ್ಲ. ನಾನು ಹೋಗಿ ಕೇಳಿದೆ.

“ಕಂಪನಿಯಿಂದ ಸುತ್ತೋಲೆ ಬಂದೈತ್ರೀ ಕಾಕಾ. ಬಂದ ಗಾಡಿಗೆ ಹಾಕ್ತೀವಿ. ಬರದವರಿಗೆ ನಾವೇನ್ ಮಾಡೂನ್ರಿ?”

ಬೀಜದ ಕಥೆಯೂ ಹಿಂಗೇ ಅಲ್ಲವೇ? ಒಂದು ಲಾಟಿನ ಬೀಜ ಹುಟ್ಟದಿದ್ದರೆ ಅಂಗಡಿಯವ ಕೂಗಾಡಿದವನಿಗೆ ಇನ್ನೊಂದು ಚೀಲ ಕೊಟ್ಟು ಕಳಿಸುತ್ತಾನೆ. ಆ ಲಾಟೇ ಕೆಟ್ಟದ್ದೆಂದು ಊರಿಗೆ ಹೇಳುವುದಿಲ್ಲ. ಬಹಿರಂಗವಾಗಿ ವಾಪಸ್ ಕರೆದರೆ ಎಲ್ಲ ಗಾಡಿಗೂ ಖರ್ಚು, ಮೇಲೆ ಹೆಸರೂ ಕೆಡುತ್ತದೆ. ಒಳಗೊಳಗೇ ಮಾಡಿದರೆ ಬಂದಷ್ಟಕ್ಕೇ ಮುಗಿಯಿತು. ಹೊರಗಿನ ಮಿಸ್ತ್ರಿಯ ಹತ್ತಿರ ಹೋಗುವ ಬಡವನಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಇದು ದುಡ್ಡಿನ ನಷ್ಟ ಮಾತ್ರ ಅಂತ ತಿಳಿಯಬೇಡಿ. ದಕ್ಷಿಣ ಕೊರಿಯಾದಲ್ಲಿ 2018ರಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳು ಓಡುತ್ತಲೇ ಹೊತ್ತಿಕೊಂಡವು. ಅಲ್ಲೂ ಇದೇ ಕೂಲರ್ ಸೋರಿತ್ತು. ಕಂಪನಿ ದೋಷ ಮುಚ್ಚಿಟ್ಟಿತ್ತೆಂದು ಸರ್ಕಾರದ ತನಿಖೆ ಹೇಳಿತು, 1,120 ಕೋಟಿ ವಾನ್ ದಂಡ ಬಿತ್ತು. ನಮ್ಮ ದೇಶದಲ್ಲಿ 2013ರಲ್ಲಿ ಜನರಲ್ ಮೋಟಾರ್ಸ್ 1.14 ಲಕ್ಷ ಟವೇರಾ ವಾಪಸ್ ಕರೆಯಿತು. ಹೊಗೆ ತಪಾಸಣೆಗೆ ಆರಿಸಿದ ಇಂಜಿನ್ ಇಟ್ಟು ಪಾಸು ಮಾಡಿಸುತ್ತಿದ್ದುದು ಆಗ ಬಯಲಾಯಿತು.

ಆ ಹೊತ್ತಿಗೆ ನಮ್ಮಲ್ಲಿ ವಾಪಸಾತಿಯ ಕಾಯ್ದೆ ಇರಲಿಲ್ಲ. ಈಗ ಇದೆ: ಮೋಟಾರು ವಾಹನ ಕಾಯ್ದೆಯ 110ಎ ಕಲಮು. 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಯಲ್ಲಿವೆ. ಏಳು ವರ್ಷದೊಳಗಿನ ಗಾಡಿಗೆ ಅನ್ವಯ. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಆದರೆ ದೋಷವು ಜೀವಕ್ಕೋ ಪರಿಸರಕ್ಕೋ ಅಪಾಯ ತರುವಂಥದ್ದಾಗಿರಬೇಕು. ಬರೀ ಇಂಜಿನ್ ಕೆಟ್ಟು ನಿಮ್ಮ ಕಿಸೆ ಖಾಲಿಯಾದರೆ ಈ ಕಲಮಿಗೆ ಸಂಬಂಧವಿಲ್ಲ. ಕಂಪನಿಗಳು ನುಸುಳುವ ಸಂದಿ ಇದೇ.

ಅಂಥದ್ದಕ್ಕೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ವಕೀಲರಿಲ್ಲದೆಯೂ ಹಾಕಬಹುದು. ಬಾಡಿಗೆ ಗಾಡಿ, ವ್ಯಾಪಾರದ್ದು ಎಂದು ಎದುರಿನವರು ತಕರಾರು ತೆಗೆಯಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆ ಮಾತ್ರ ಕೊಂಡದ್ದಾದರೆ ನಾವೂ ಗ್ರಾಹಕರೇ ಎಂದು 2019ರ ಕಾಯ್ದೆಯಲ್ಲೇ ಬರೆದಿದೆ. ಮೊದಲು ದೂರು ಕೊಡಲು 1915ಕ್ಕೆ ಫೋನ್ ಮಾಡಬಹುದು.

ಮಿಸ್ತ್ರಿ ಹತ್ತಿರ ಹೋದರೂ ಚೀಟಿ ಬರೆಸಿಕೊಳ್ಳಿ, ತೆಗೆದ ಹಳೆ ಸಾಮಾನು ಗುಜರಿಗೆ ಹಾಕಬೇಡಿ. ಶೋರೂಮಿನಲ್ಲಿ ಚೆಸ್ಸಿ ನಂಬರ್ ಕೊಟ್ಟು “ಈ ಗಾಡಿಗೆ ಕಂಪನಿಯಿಂದ ಏನಾದರೂ ಪುಕ್ಕಟೆ ಬದಲಿ ಐತೇನು?” ಎಂದು ಕೇಳಿರಿ. ಬಾಯಿಮಾತಿಗೆ ಇಲ್ಲವೆಂದರೆ ಬರೆದು ಕೇಳಿರಿ.

ನಾನು ಬರೆದುಕೊಟ್ಟೆ, ಗೆಳೆಯನ ಜಾಬ್ ಕಾರ್ಡಿನ ಝೆರಾಕ್ಸ್ ಹಚ್ಚಿ. “ವಾರಂಟಿ ಮುಗದೈತಿ” ಎಂದರು. ಹದಿನೈದು ದಿನಕ್ಕೆ ಅವರೇ ಕರೆದು ಕೂಲರ್ ಪುಕ್ಕಟೆ ಹಾಕಿದರು. 28,000 ಮಾತ್ರ ಹೋದದ್ದು ಹೋಯಿತು. ಆಮೇಲೆ ನಮ್ಮ ಕಡೆಯ ಆರು ಗಾಡಿಯವರು ಕೂಡಿ ಹೋದೆವು. ನಾಲ್ಕಕ್ಕೆ ಬದಲಿಸಿಕೊಟ್ಟರು. ಉಳಿದೆರಡರ ಮಾಲೀಕರು ಅದಾಗಲೇ ಸ್ವಂತ ದುಡ್ಡಲ್ಲಿ ಹಾಕಿಸಿಕೊಂಡಿದ್ದರು, ಚೀಟಿ ಇರಲಿಲ್ಲ.