ಸ್ನಾಯುವಿಗೆ ಸುಣ್ಣದ ಅಪ್ಪಣೆ

ಕ್ಯಾಲ್ಸಿಯಂ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗೋಡೆಗೆ ಬಳಿಯುವ ಸುಣ್ಣ, ಎಲೆ ಅಡಕೆಯೊಡನೆ ಮೆಲ್ಲುವ ಸುಣ್ಣ, ಇಲ್ಲವೆ ಎಲುಬು ಹಲ್ಲುಗಳ ಗಡಸುತನ. ಇವೆಲ್ಲವೂ ಜಡವಸ್ತುಗಳೆಂದೇ ನಮ್ಮ ಭಾವನೆ. ಆದರೆ ವಾಚಕರು ಈ ಪುಟವನ್ನು ಮಗುಚಲು ಬೆರಳನ್ನು ಮಡಿಸುವಾಗ, ಮುಂಗೈಯ ಸ್ನಾಯುಗಳಿಗೆ ‘ಸಂಕೋಚಗೊಳ್ಳು’ ಎಂಬ ಅಪ್ಪಣೆಯನ್ನು ಮುಟ್ಟಿಸುವುದೂ ಇದೇ ಕ್ಯಾಲ್ಸಿಯಂ. ಈ ಸಂಗತಿ ಇಂದು ಪಠ್ಯಪುಸ್ತಕಗಳಲ್ಲಿದೆ. ೧೯೫೦ರ ದಶಕದಲ್ಲಿ ಇದನ್ನು ನಂಬಿದ ಜೀವರಸಾಯನಜ್ಞರು ಬಹಳ ಕಡಮೆ. ನಂಬಿ, ದುಡಿದು, ಅದನ್ನು ಸ್ಥಾಪಿಸಿದವರಲ್ಲಿ ಜಪಾನಿನ ಸೆತ್ಸುರೋ ಎಬಾಷಿಯವರು ಅಗ್ರಗಣ್ಯರು.

ಸುಳಿವು ಹಳೆಯದು. ೧೮೮೦ರ ದಶಕದ ಆರಂಭದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಅದರ ಮಿಡಿತವನ್ನು ಪರೀಕ್ಷಿಸುತ್ತಿದ್ದರು. ನಲ್ಲಿಯ ನೀರಿನಿಂದ ಮಾಡಿದ ದ್ರಾವಣದಲ್ಲಿ ಹೃದಯವು ಬಹುಕಾಲ ಮಿಡಿಯಿತು. ಬಟ್ಟಿಯಿಳಿಸಿದ ನೀರಿನ ದ್ರಾವಣದಲ್ಲಿ ಬೇಗನೆ ಸೋತಿತು. ನಲ್ಲಿಯ ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಮ್ಮೇ ಈ ವ್ಯತ್ಯಾಸಕ್ಕೆ ಕಾರಣವೆಂದು ಅವರು ೧೮೮೩ರಲ್ಲಿ ತೋರಿಸಿದರು. ೧೯೪೭ರಲ್ಲಿ ಅಮೆರಿಕದ ಹೈಲ್‌ಬ್ರನ್ ಮತ್ತು ವಿಯರ್ಸಿನ್ಸ್ಕಿ ಎಂಬುವರು ಸ್ನಾಯುತಂತುವಿನ ಒಳಕ್ಕೇ ಬೇರೆ ಬೇರೆ ಲವಣಗಳ ದ್ರಾವಣವನ್ನು ಚುಚ್ಚಿ ನೋಡಿದರು. ದೇಹದಲ್ಲಿ ಸಹಜವಾಗಿರುವ ಅಯಾನುಗಳಲ್ಲಿ ಕ್ಯಾಲ್ಸಿಯಂ ಒಂದೇ ತಂತುವನ್ನು ಕುಗ್ಗಿಸಿತು. ಆದರೂ ವಿದ್ವಾಂಸರಿಗೆ ಸಮಾಧಾನವಾಗಲಿಲ್ಲ. ಇಷ್ಟು ಜಟಿಲವಾದ ಕಾರ್ಯವನ್ನು ಇಷ್ಟು ಸರಳವಾದ ಅಯಾನೊಂದು ನಡೆಸುವುದುಂಟೆ, ಯಾವುದೋ ಸಂಕೀರ್ಣವಾದ ಸಾವಯವ ವಸ್ತು ಇರಲೇಬೇಕಲ್ಲವೆ, ಎಂಬುದು ಅಂದಿನ ಧೋರಣೆಯಾಗಿತ್ತು.

ಎಬಾಷಿಯವರು ಹುಟ್ಟಿದ್ದು ೧೯೨೨ರಲ್ಲಿ, ಟೋಕಿಯೋ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿಯೇ ವೈದ್ಯಶಾಸ್ತ್ರವನ್ನು ಓದಿ, ಮುಂದೆ ಅಲ್ಲಿಯೇ ಔಷಧವಿಜ್ಞಾನದ ಪ್ರಾಧ್ಯಾಪಕರಾದರು. ಅವರು ಕೈಗೆತ್ತಿಕೊಂಡ ಪ್ರಶ್ನೆ ಸ್ನಾಯು ಹೇಗೆ ಕುಗ್ಗುತ್ತದೆ ಎಂಬುದಲ್ಲ, ಕುಗ್ಗಿದ ಸ್ನಾಯು ಹೇಗೆ ಸಡಿಲಗೊಳ್ಳುತ್ತದೆ ಎಂಬುದು. ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಪ್ರೋಟೀನುಗಳ ಎಳೆಗಳು ಒಂದರ ಮೇಲೊಂದು ಜಾರುವುದರಿಂದ ಸ್ನಾಯು ಕುಗ್ಗುತ್ತದೆ. ಇದಕ್ಕೆ ಬೇಕಾದ ಶಕ್ತಿಯನ್ನು ಎ.ಟಿ.ಪಿ. ಎಂಬ ರಾಸಾಯನಿಕ ಒದಗಿಸುತ್ತದೆ. ಸ್ನಾಯುವನ್ನು ಅರೆದು ತೆಗೆದ ರಸವನ್ನು ಸೇರಿಸಿದರೆ, ಹೀಗೆ ಕುಗ್ಗಿದ ಎಳೆಗಳು ಮತ್ತೆ ಸಡಿಲವಾಗುವುದನ್ನು ಆಗಲೇ ಕಂಡುಕೊಂಡಿದ್ದರು. ಈ ಗುಣವು ರಸದಲ್ಲಿ ತೇಲುವ ಅತಿಸೂಕ್ಷ್ಮ ಕಣಗಳಿಗೆ ಸೇರಿದುದೆಂದು ಎಬಾಷಿ ಮತ್ತು ಅವರ ಸಂಗಡಿಗರು ೧೯೫೫ರಲ್ಲಿ ಪ್ರಕಟಿಸಿದರು.

ಕಣಗಳು ಏನು ಮಾಡುತ್ತವೆ? ಅವು ಸಡಿಲಗೊಳಿಸುವ ವಸ್ತುವೊಂದನ್ನು ಹೊರಕ್ಕೆ ಬಿಡುತ್ತವೆಂದು ಭಾವಿಸಿ ಹಲವರು ಆ ವಸ್ತುವನ್ನು ಹುಡುಕುತ್ತ ಹೊರಟರು. ಎಬಾಷಿಯವರ ಆಲೋಚನೆ ಇದಕ್ಕೆ ವಿರುದ್ಧವಾಗಿತ್ತು: ಕಣಗಳು ಕೊಡುತ್ತಿಲ್ಲ, ತೆಗೆದುಕೊಳ್ಳುತ್ತಿರಬಹುದು! ಲೋಹದ ಅಯಾನುಗಳನ್ನು ಹಿಡಿದಿಡುವ ಕೆಲವು ರಾಸಾಯನಿಕಗಳೂ ಎಳೆಗಳನ್ನು ಸಡಿಲಗೊಳಿಸುತ್ತಿದ್ದುವು. ಅಂತಹ ಹಲವನ್ನು ಅವರು ಹೋಲಿಸಿದರು. ಯಾವುದು ಕ್ಯಾಲ್ಸಿಯಮ್ಮನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದೋ ಅದೇ ಹೆಚ್ಚು ಸಡಿಲಗೊಳಿಸುವುದೆಂದು ಗೊತ್ತಾಯಿತು. ಬಳಿಕ ನ್ಯೂಯಾರ್ಕಿನಲ್ಲಿ ಫ್ರಿಟ್ಸ್ ಲಿಪ್‌ಮನ್ ಅವರ ಪ್ರಯೋಗಶಾಲೆಯಲ್ಲಿ ದುಡಿದು, ಈ ಕಣಗಳು ಎ.ಟಿ.ಪಿ.ಯನ್ನು ವ್ಯಯಿಸಿ ಕ್ಯಾಲ್ಸಿಯಮ್ಮನ್ನು ತಮ್ಮೊಳಗೆ ಸೆಳೆದುಕೊಳ್ಳುತ್ತವೆಂಬುದನ್ನು ತೋರಿಸಿದರು. ಈ ಲೇಖನ ೧೯೬೨ರಲ್ಲಿ ಪ್ರಕಟವಾಯಿತು. ಜರ್ಮನಿಯಲ್ಲಿ ಹಾಸೆಲ್‌ಬಾಖ್ ಮತ್ತು ಮಾಕಿನೋಸೆ ಎಂಬುವರೂ ಇದೇ ಕಾಲದಲ್ಲಿ ಇದೇ ತೀರ್ಮಾನಕ್ಕೆ ಬಂದಿದ್ದರು. ಕಣಗಳೆಂದರೆ ಸ್ನಾಯುವಿನ ಎಳೆಗಳನ್ನು ಬಲೆಯಂತೆ ಸುತ್ತುವರಿದಿರುವ ಸಣ್ಣ ಚೀಲಗಳ ಚೂರುಗಳು. ನರದ ಪ್ರಚೋದನೆ ಬಂದಾಗ ಈ ಚೀಲಗಳಿಂದ ಕ್ಯಾಲ್ಸಿಯಂ ಹೊರಕ್ಕೆ ನುಗ್ಗುತ್ತದೆ, ಸ್ನಾಯು ಕುಗ್ಗುತ್ತದೆ. ಚೀಲಗಳು ಅದನ್ನು ಮರಳಿ ಸೆಳೆದುಕೊಂಡಾಗ ಸ್ನಾಯು ಸಡಿಲಗೊಳ್ಳುತ್ತದೆ.

ಆದರೆ ಒಂದು ಬಲವಾದ ಆಕ್ಷೇಪಣೆ ಉಳಿದಿತ್ತು. ಚೆನ್ನಾಗಿ ಶುದ್ಧಿಮಾಡಿದ ಆಕ್ಟಿನ್ ಮತ್ತು ಮಯೋಸಿನ್‌ಗಳು ಕ್ಯಾಲ್ಸಿಯಂ ಇಲ್ಲದೆಯೂ ಎ.ಟಿ.ಪಿ.ಯೊಡನೆ ವರ್ತಿಸುತ್ತಿದ್ದುವು! ಯಜಮಾನನ ಅಪ್ಪಣೆಯಿಲ್ಲದೆ ಆಳುಗಳು ಕೆಲಸಮಾಡುವುದಾದರೆ ಅವನು ಯಜಮಾನನೆಂಬುದಕ್ಕೆ ಪ್ರಮಾಣವೇನು? ಬೇರೊಬ್ಬರಾಗಿದ್ದರೆ ಇಲ್ಲಿ ತಮ್ಮ ವಾದವನ್ನೇ ಕೈಬಿಡುತ್ತಿದ್ದರೇನೋ. ಎಬಾಷಿಯವರು ಮಾತ್ರ, ಶುದ್ಧಿಮಾಡುವಾಗ ಯಾವುದೋ ಅಗತ್ಯವಾದ ಅಂಶ ತೊಳೆದುಹೋಗಿರಬೇಕೆಂದು ತರ್ಕಿಸಿದರು. ಅಂತಹ ಮೂರನೆಯ ಅಂಶವೊಂದು ಉಂಟೆಂದು ೧೯೬೩ರಲ್ಲಿ ತೋರಿಸಿದರು. ಈ ಕಾರ್ಯದಲ್ಲಿ ಅವರ ಪತ್ನಿ ಫುಮಿಕೊ ಅವರೂ ಸಹಸಂಶೋಧಕರಾಗಿದ್ದರು. ೧೯೬೫ರಲ್ಲಿ, ಕೊದಾಮ ಎಂಬುವರೊಡನೆ, ಆ ಅಂಶದಿಂದ ಹೊಸ ಪ್ರೋಟೀನೊಂದನ್ನು ಬೇರ್ಪಡಿಸಿದರು. ಅದೇ ಟ್ರೋಪೋನಿನ್.

ಇದರ ಕೆಲಸವನ್ನು ಬಾಗಿಲಿನ ಅಗುಳಿಗೆ ಹೋಲಿಸಬಹುದು. ಸ್ನಾಯು ವಿಶ್ರಮಿಸುತ್ತಿರುವಾಗ ಟ್ರೋಪೋನಿನ್ ಮತ್ತು ಅದರ ಜೊತೆಗಾರನಾದ ಟ್ರೋಪೋಮಯೋಸಿನ್ ಎಂಬ ನೀಳವಾದ ಪ್ರೋಟೀನು ಆಕ್ಟಿನ್‌ಗೆ ಮಯೋಸಿನ್ ತಗಲದಂತೆ ಅಡ್ಡಗಟ್ಟುತ್ತವೆ. ಕ್ಯಾಲ್ಸಿಯಂ ಬಂದು ಟ್ರೋಪೋನಿನ್ನಿಗೆ ಅಂಟಿದೊಡನೆ ಅಗುಳಿ ಸರಿಯುತ್ತದೆ, ಎಳೆಗಳು ಜಾರತೊಡಗುತ್ತವೆ. ಶುದ್ಧಿಮಾಡಿದ ಪ್ರೋಟೀನುಗಳಲ್ಲಿ ಅಗುಳಿಯೇ ಇರಲಿಲ್ಲ. ಆದುದರಿಂದ ಅದನ್ನು ತೆಗೆಯುವವರ ಅಗತ್ಯವೂ ಕಾಣಲಿಲ್ಲ. ಹೀಗೆ ವಿರೋಧಿಗಳ ಆಕ್ಷೇಪಣೆಯೇ ಹೊಸ ಶೋಧಕ್ಕೆ ದಾರಿಯಾಯಿತು.

ಅಪ್ಪಣೆಯನ್ನು ಒಯ್ಯಲು ಕ್ಯಾಲ್ಸಿಯಮ್ಮೇ ಏಕೆ? ಜೀವಕೋಶದೊಳಗೆ ಫಾಸ್ಫೇಟ್ ಹೇರಳವಾಗಿದೆ. ಕ್ಯಾಲ್ಸಿಯಂ ಹೆಚ್ಚಾದರೆ ಎರಡೂ ಕೂಡಿ ಗಟ್ಟಿಯಾಗಿ ಕೋಶಕ್ಕೆ ಅಪಾಯ. ಆದುದರಿಂದ ಕೋಶವು ಅದನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ವಿಶ್ರಾಂತ ಕೋಶದ ರಸದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಹೊರಗಿನ ದ್ರವದಲ್ಲಿರುವುದರ ಸುಮಾರು ೧೦,೦೦೦ದಲ್ಲಿ ಒಂದು ಪಾಲು ಮಾತ್ರ. ಸದ್ದಿಲ್ಲದ ಕೋಣೆಯಲ್ಲಿ ಪಿಸುಮಾತೂ ಕೇಳಿಸುವಂತೆ, ಇಂತಹ ಕೋಶದಲ್ಲಿ ಎಳ್ಳಷ್ಟು ಕ್ಯಾಲ್ಸಿಯಂ ಒಳಬಂದರೂ ಅದು ಸ್ಪಷ್ಟವಾದ ಸಂಕೇತವಾಗುತ್ತದೆ. ನರಗಳ ತುದಿಯಲ್ಲಿ ರಾಸಾಯನಿಕ ಸಂದೇಶ ಬಿಡುಗಡೆಯಾಗುವುದು, ಫಲಿತವಾದ ಅಂಡವು ಬೆಳೆಯಲು ಎಚ್ಚರಗೊಳ್ಳುವುದು, ಇವೂ ಇದೇ ಸಂಕೇತದಿಂದ ಎಂದು ಈಗ ತಿಳಿದಿದೆ.

ಎಬಾಷಿಯವರು ೨೦೦೬ರಲ್ಲಿ ತೀರಿಕೊಂಡರು. ಅವರ ಶೋಧವು ಪ್ರಯೋಗಶಾಲೆಯಿಂದ ಆಸ್ಪತ್ರೆಗೂ ನಡೆದುಬಂದಿದೆ. ಹೃದಯದ ಸ್ನಾಯುವಿಗೆ ಹಾನಿಯಾದಾಗ ಅಲ್ಲಿಯ ಟ್ರೋಪೋನಿನ್ ರಕ್ತಕ್ಕೆ ಸೋರುತ್ತದೆ. ಎದೆನೋವೆಂದು ಬಂದ ರೋಗಿಯ ರಕ್ತದಲ್ಲಿ ಅದನ್ನು ಅಳೆದು, ಹೃದಯಾಘಾತವಾಗಿದೆಯೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಸ್ನಾಯು ಸಡಿಲಗೊಳ್ಳುವುದೇಕೆ ಎಂದು ಕೇಳಿದವರು ಈ ಪರೀಕ್ಷೆಯನ್ನು ಎಣಿಸಿರಲಾರರು. ಆದರೆ ಸಣ್ಣ ಪ್ರಶ್ನೆಯೊಂದನ್ನು ಪಟ್ಟುಬಿಡದೆ ಕೊನೆಯವರೆಗೂ ಹಿಂಬಾಲಿಸಿದರೆ ಅದು ಎಲ್ಲಿಗೆ ಮುಟ್ಟಿಸೀತೆಂಬುದನ್ನು ಮೊದಲೇ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ.