ಎರಡು ಪರಮಾಣು, ಒಂದು ಕೊಳವೆ

40 ಮತ್ತು 1,084. ಇಂಗಾಲದ ನ್ಯಾನೊಕೊಳವೆಗಳನ್ನು ಕಂಪ್ಯೂಟರಿನೊಳಗೆ ಕಟ್ಟುವ ವಿದ್ಯೆಯನ್ನು ಈ ಎರಡು ಸಂಖ್ಯೆಗಳಿಂದಲೇ ಶುರುಮಾಡಬಹುದು.

ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿನ ಒಂದೇ ಒಂದು ಪದರವನ್ನು ಎತ್ತಿಕೊಂಡಿರಿ ಎನ್ನಿ. ಅದು ಜೇನುಗೂಡಿನಂಥ ಆರುಮೂಲೆಯ ಮನೆಗಳ ಹಾಳೆ. ಮೂಲೆಗೊಂದು ಇಂಗಾಲದ ಪರಮಾಣು, ಪಕ್ಕದ ಪರಮಾಣುವಿಗೆ 0.142 ನ್ಯಾನೊಮೀಟರ್ ದೂರ. ಈ ಹಾಳೆಯನ್ನು ಚಾಪೆಯಂತೆ ಸುತ್ತಿ ಅಂಚಿಗೆ ಅಂಚು ಬೆಸೆದರೆ ಕೊಳವೆ. ಚಾಪೆಯನ್ನು ನೇರವಾಗಿ ಸುತ್ತಬಹುದು, ಓರೆಯಾಗಿಯೂ ಸುತ್ತಬಹುದು. ಎಷ್ಟು ದಪ್ಪ, ಎಷ್ಟು ಓರೆ ಎಂದು ಹೇಳಲು ಎರಡು ಪೂರ್ಣಾಂಕ ಸಾಕು. ಹಾಗಾಗಿ ಕೊಳವೆಗಳಿಗೆ ಹೆಸರೇ ಸಂಖ್ಯೆಗಳು: (10,10), (10,9), (6,6).

(10,10) ನೇರವಾಗಿ ಸುತ್ತಿದ ಕೊಳವೆ. ಅಡ್ಡಗಲ 1.36 ನ್ಯಾನೊಮೀಟರ್. ಉದ್ದಕ್ಕೆ ಸಾಗಿದರೆ ಪ್ರತಿ 0.246 ನ್ಯಾನೊಮೀಟರಿಗೆ ವಿನ್ಯಾಸ ಮರುಕಳಿಸುತ್ತದೆ; ಅಷ್ಟರಲ್ಲಿರುವುದು 40 ಪರಮಾಣು. ಒಂದೇ ಒಂದು ಅಂಕಿ ಇಳಿಸಿ (10,9) ಮಾಡಿ. ಅಡ್ಡಗಲ 1.29ಕ್ಕೆ ಇಳಿಯುತ್ತದೆ, ಕಣ್ಣಿಗೆ ಎರಡೂ ಅಣ್ಣತಮ್ಮಂದಿರೇ. ಆದರೆ ಸುತ್ತು ಚೂರು ಓರೆಯಾದದ್ದರಿಂದ, ಹೊರಟ ಸಾಲಿಗೇ ಮರಳಲು 7 ನ್ಯಾನೊಮೀಟರ್ ನಡೆಯಬೇಕು. ಆ ತುಂಡಿನಲ್ಲಿ 1,084 ಪರಮಾಣುಗಳು! ಎಲೆಕ್ಟ್ರಾನುಗಳನ್ನೂ ಲೆಕ್ಕಕ್ಕೆ ಹಿಡಿಯುವ ಮಾಮೂಲಿ ಕ್ವಾಂಟಂ ವಿಧಾನಗಳಲ್ಲಿ, ಪರಮಾಣುಗಳ ಸಂಖ್ಯೆ ದುಪ್ಪಟ್ಟಾದರೆ ಕೆಲಸ ಎಂಟು ಪಟ್ಟಾಗುತ್ತದೆ. 27 ಪಟ್ಟಾದರೆ? ಸುಮಾರು 20,000 ಪಟ್ಟು. (10,10)ಕ್ಕೆ ಒಂದು ನಿಮಿಷ ಹಿಡಿದ ಲೆಕ್ಕ (10,9)ಕ್ಕೆ ಎರಡು ವಾರ ಹಿಡಿಯುತ್ತದೆ.

ಈ ಗಂಟನ್ನು 1993ರಲ್ಲಿ ಬಿಡಿಸಿದವರು ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ಕಾರ್ಟರ್ ವೈಟ್, ಡೇನಿಯಲ್ ರಾಬರ್ಟ್‌ಸನ್ ಮತ್ತು ಜಾನ್ ಮಿಂಟ್‌ಮೈರ್. ಅವರು ಕೊಳವೆಯನ್ನು ತುಂಡು ತುಂಡಾಗಿ ನೋಡುವುದನ್ನೇ ಬಿಟ್ಟರು. ಸುರುಳಿ ಮೆಟ್ಟಿಲನ್ನು ನೆನೆಯಿರಿ. ಅದನ್ನು ವಿವರಿಸಲು ಒಂದು ಇಡೀ ಸುತ್ತನ್ನು ಬರೆಯಬೇಕಿಲ್ಲ. ಒಂದು ಮೆಟ್ಟಿಲು, ಅದನ್ನು ಎಷ್ಟು ತಿರುಗಿಸಿ ಎಷ್ಟು ಏರಿಸಬೇಕು, ಇಷ್ಟು ಗೊತ್ತಿದ್ದರೆ ಸಾಕು. ಕೊಳವೆಗೂ ಹಾಗೆಯೇ. ಎರಡೇ ಪರಮಾಣು ಇಟ್ಟು, ತಿರುಗಿಸಿ ಮುಂದೆ ಸರಿಸಿ, ಮತ್ತೆ ತಿರುಗಿಸಿ ಸರಿಸುತ್ತ ಹೋದರೆ (10,9) ಪೂರ್ತಿ ಮೂಡುತ್ತದೆ. (10,10)ಕ್ಕೆ ಇದರ ಜೊತೆ ಅಕ್ಷದ ಸುತ್ತ ಹತ್ತು ಬಾರಿಯ ಸುತ್ತುವಿಕೆಯೂ ಸೇರಬೇಕು. ಯಾವ ಕೊಳವೆಗೇ ಆಗಲಿ ಬೀಜ ಎರಡೇ ಪರಮಾಣು. 2007ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಟ್ರಯಾನ್ ಡುಮಿಟ್ರಿಕಾ ಮತ್ತು ರಿಚರ್ಡ್ ಜೇಮ್ಸ್ ಇದೇ ಬಗೆಯ ಯೋಚನೆಯನ್ನು ಚಲಿಸುವ ಪರಮಾಣುಗಳಿಗೂ ಹಿಗ್ಗಿಸಿದರು. ಕೊಳವೆಯನ್ನು ತಿರುಚಿದರೆ ನೇರ ಪುನರಾವರ್ತನೆ ಕೆಡುತ್ತದೆ, ಆದರೆ ಮೆಟ್ಟಿಲಿನ ನಿಯಮ ಉಳಿಯುತ್ತದೆ. ದೊಡ್ಡ ಕಂಪ್ಯೂಟರ್ ಕೊಳ್ಳುವುದಕ್ಕಿಂತ ಇದು ಮೇಲಾದ ಜಾಣತನ ಎಂದು ನನ್ನ ಎಣಿಕೆ.

ಈ ಕೊಳವೆಗಳ ಚರಿತ್ರೆಯಲ್ಲಿ ಲೆಕ್ಕ ಕಣ್ಣಿಗಿಂತ ಮುಂದೆ ಓಡಿದ್ದೂ ಉಂಟು. ಜಪಾನಿನ ಎನ್‌ಇಸಿ ಕಂಪನಿಯ ಸುಮಿಯೊ ಇಜಿಮಾ 1991ರಲ್ಲಿ ಒಂದರೊಳಗೊಂದು ಕೂತ ಹಲವು ಪದರದ ಕೊಳವೆಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಒಂಟಿ ಪದರದ್ದು ಸಿಕ್ಕಿದ್ದು 1993ರಲ್ಲಿ. ಆದರೆ 1992ರಲ್ಲೇ ಮೂರು ತಂಡಗಳು ಲೆಕ್ಕ ಹಾಕಿ, ಕೊಳವೆ ಲೋಹದಂತೆ ವಿದ್ಯುತ್ ಹರಿಸುತ್ತದೋ ಅರೆವಾಹಕವಾಗುತ್ತದೋ ಎಂಬುದು ಸುತ್ತಿದ ಬಗೆಯ ಮೇಲೆ ನಿಂತಿದೆ ಎಂದಿದ್ದವು. ಹೆಸರಿನ ಎರಡು ಸಂಖ್ಯೆಗಳ ವ್ಯತ್ಯಾಸ ಮೂರರಿಂದ ಭಾಗವಾದರೆ ಸ್ಥೂಲವಾಗಿ ಲೋಹ, ಇಲ್ಲದಿದ್ದರೆ ಅರೆವಾಹಕ. 1998ರಲ್ಲಿ ಡೆಲ್ಫ್ಟ್ ಮತ್ತು ಹಾರ್ವರ್ಡಿನ ಪ್ರಯೋಗಗಳು ಇದನ್ನು ದೃಢಪಡಿಸಿದವು.

ಕೊಳವೆಯನ್ನು ಬಗ್ಗಿಸಿ, ಎಳೆದು, ಮುರಿದು ನೋಡುವಾಗ ಎಲೆಕ್ಟ್ರಾನುಗಳ ಸಹವಾಸವನ್ನು ಸಾಮಾನ್ಯವಾಗಿ ಬಿಡುತ್ತಾರೆ. ಬಂಧಗಳ ಬಲವನ್ನು ಸೂತ್ರವೊಂದಕ್ಕೆ ಒಪ್ಪಿಸಿ, ಪರಮಾಣುಗಳನ್ನು ನ್ಯೂಟನ್ನನ ನಿಯಮದಂತೆ ಸರಿಸುತ್ತ ಹೋಗುವುದು. ಹೆಜ್ಜೆ ಒಂದು ಫೆಮ್ಟೊಸೆಕೆಂಡಿನಷ್ಟು ಸಣ್ಣದು. ನ್ಯಾನೊಸೆಕೆಂಡ್ ಒಂದಕ್ಕೆ 10 ಲಕ್ಷ ಹೆಜ್ಜೆ. ಬಹುಕಾಲ ಬಳಕೆಯಲ್ಲಿರುವ ಬ್ರೆನ್ನರ್ ಸೂತ್ರ 1990ರದು, ಹುಟ್ಟಿದ್ದು ವಜ್ರದ ತೆಳುಪದರ ಬೆಳೆಸುವುದನ್ನು ಅರಿಯಲು. ಅದಕ್ಕೊಂದು ಊನವಿದೆ: ಬಂಧ ಹಿಗ್ಗಿ ಇನ್ನೇನು ಹರಿಯಬೇಕು ಎನ್ನುವಾಗ ಸೂತ್ರವನ್ನು ಥಟ್ಟನೆ ಸೊನ್ನೆಗಿಳಿಸುವುದರಿಂದ, ಅಲ್ಲಿ ಇಲ್ಲದ ಬಲವೊಂದು ಹುಟ್ಟಿಕೊಳ್ಳುತ್ತದೆ. ಕೊಳವೆ ವಿಪರೀತ ಹಿಗ್ಗಿ ತುಂಡಾಗುವ ಬಣ್ಣಬಣ್ಣದ ವಿಡಿಯೊ ಕಂಡರೆ, ಮೆಚ್ಚುವ ಮೊದಲು ಸೂತ್ರ ಯಾವುದೆಂದು ಕೇಳಿ.

ಪರಮಾಣುಗಳನ್ನೂ ಬಿಟ್ಟವರಿದ್ದಾರೆ. 1996ರಲ್ಲಿ ಬೋರಿಸ್ ಯಾಕೊಬ್ಸನ್ ಮತ್ತು ಸಂಗಡಿಗರು ಕೊಳವೆಯನ್ನು ಬರಿಯ ತೆಳ್ಳನೆ ತಗಡಿನ ನಳಿಕೆ ಎಂದುಕೊಂಡರು. ಒತ್ತಿದಾಗ ಎಲ್ಲಿ ಸೊಟ್ಟಗಾಗುತ್ತದೆ ಎಂಬುದು ಪರಮಾಣುಗಳ ಸಿಮ್ಯುಲೇಷನ್‌ಗೆ ಹೊಂದಿಕೊಂಡಿತು. ಆದರೆ ಅದಕ್ಕಾಗಿ ತಗಡಿನ ದಪ್ಪವನ್ನು 0.066 ನ್ಯಾನೊಮೀಟರ್ ಎಂದು ಹಿಡಿಯಬೇಕಾಯಿತು. ಇಂಗಾಲದ ಒಂದು ಬಂಧದ ಅರ್ಧದಷ್ಟೂ ಅಲ್ಲ! ಗ್ರಾಫೈಟಿನ ಪದರಗಳ ಅಂತರವಾದ 0.34 ಹಿಡಿದವರಿಗೆ ಬಿಗುಪಿನ ಗುಣಾಂಕ ಸುಮಾರು 1 ಟೆರಾಪಾಸ್ಕಲ್ ಬಂದರೆ, ಇವರಿಗೆ 5.5. ವಸ್ತು ಒಂದೇ. ಒಂದೇ ಪರಮಾಣು ದಪ್ಪದ ಗೋಡೆಗೆ ದಪ್ಪ ಎಷ್ಟು ಎಂಬ ಪ್ರಶ್ನೆಯೇ ಎಡವಟ್ಟು.

ಎಲೆಕ್ಟ್ರಾನುಗಳನ್ನು ಬಿಟ್ಟು ಬಲವನ್ನು ಒಂದು ಅಂಕಿಗೆ ಒಪ್ಪಿಸುವುದು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ನೀರಿನ ಕಥೆ ಇದೆ. 2001ರಲ್ಲಿ ಗೆರ್ಹಾರ್ಡ್ ಹಮ್ಮರ್, ಜಯೇಂದ್ರನ್ ರಸಯ್ಯ ಮತ್ತು ನೊವೊರಿಟಾ 144 ಪರಮಾಣುಗಳ ಪುಟ್ಟ (6,6) ಕೊಳವೆಯನ್ನು ನೀರಿನಲ್ಲಿಟ್ಟು ನೋಡಿದರು. ನೀರು ಒಲ್ಲದ ಕೊಳವೆ ಎಂದುಕೊಂಡಿದ್ದರೆ, ನೀರಿನ ಅಣುಗಳು ಒಂಟಿಸಾಲಿನಲ್ಲಿ ಒಳನುಗ್ಗಿ ತುಂಬಿಕೊಂಡವು. ಇಂಗಾಲ ಮತ್ತು ನೀರಿನ ನಡುವಿನ ಆಕರ್ಷಣೆಯ ಅಂಕಿಯನ್ನು ಸ್ವಲ್ಪವೇ ತಗ್ಗಿಸಿದಾಗ ಕೊಳವೆ ಒಮ್ಮೆ ತುಂಬಿ ಒಮ್ಮೆ ಖಾಲಿಯಾಗತೊಡಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಈ ನೀರಿನ ನಂಟಿದೆ. 2003ರಲ್ಲಿ ಅಜಯ್ ಸೂದ್ ಮತ್ತು ಶಂಕರ್ ಘೋಷ್ ಕೊಳವೆಗಳ ಮೇಲೆ ದ್ರವ ಹರಿದಾಗ ವೋಲ್ಟೇಜ್ ಹುಟ್ಟುವುದನ್ನು ಪ್ರಯೋಗದಲ್ಲಿ ತೋರಿಸಿದರು. ಮುಂದೆ ಪ್ರಬಲ್ ಮೈತಿ, ಚಂದನ್ ದಾಸ್‌ಗುಪ್ತ ಮತ್ತು ಸೂದ್ ಅವರ ತಂಡ ಸಪುರ ಕೊಳವೆಯೊಳಗೆ ನೀರು ಹೇಗೆ ಸರಿಯುತ್ತದೆ ಎಂಬುದನ್ನು ಸಿಮ್ಯುಲೇಷನ್‌ನಲ್ಲಿ ಅರಸಿತು.

ಕೈಯಾರೆ ಮಾಡಿ ನೋಡುವ ಆಸೆಯುಳ್ಳ ಭೌತವಿಜ್ಞಾನದ ವಿದ್ಯಾರ್ಥಿಗೆ ಸೂಪರ್‌ಕಂಪ್ಯೂಟರ್ ಬೇಕಿಲ್ಲ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಬೆಳೆದ ಲ್ಯಾಂಪ್ಸ್ ತಂತ್ರಾಂಶ ಉಚಿತ, ಸಣ್ಣ ಕೊಳವೆಗೆ ಲ್ಯಾಪ್‌ಟಾಪ್ ಸಾಕು. ಅದಕ್ಕೂ ಮೊದಲು ಎರಡು ಪರಮಾಣುಗಳಿಂದ (10,9) ಕಟ್ಟುವ ಪುಟ್ಟ ಪ್ರೋಗ್ರಾಂ ನೀವೇ ಬರೆಯಿರಿ. 7 ನ್ಯಾನೊಮೀಟರ್ ನಡೆದು ಹೊರಟ ಸಾಲಿಗೇ ಮರಳಿದಾಗ ಎಣಿಸಿ: 1,084 ಬರಬೇಕು. ಒಂದು ಹೆಚ್ಚು ಕಡಿಮೆಯಾದರೂ ಎಲ್ಲೋ ತಪ್ಪಿದ್ದೀರಿ.