ಮನೆಮಗಳಾಗಿ ಬಂದ ಚಿಂಪಾಂಜಿ

ಬೇಸಿಗೆಯ ರಜೆಗೆ ಊರಿಗೆ ಹೋದರೆ ಮಕ್ಕಳಿಗೆ ಮೈಸೂರಿನ ಮೃಗಾಲಯವನ್ನು ತೋರಿಸದೆ ಪುಣೆಗೆ ಹಿಂತಿರುಗುವಂತಿಲ್ಲ. ಈ ಸಲ ಚಿಂಪಾಂಜಿಯ ಮುಂದೆ ನಿಂತ ನಮ್ಮ ಕಿರಿಯ ಮಗಳು, “ಅಪ್ಪಾ, ಇದನ್ನ ಮನೆಗೆ ಕರ್ಕೊಂಡು ಹೋಗೋಣ, ಕನ್ನಡ ಕಲಿಸೋಣ” ಎಂದಳು. “ಮೊದಲು ನೀನು ಕಲಿ” ಎಂದರು ನಮ್ಮ ಶ್ರೀಮತಿಯವರು. ಮಾತು ನಗೆಯಲ್ಲಿ ಮುಗಿಯಿತು. ಆದರೆ ಹುಡುಗಿ ಕೇಳಿದಂಥದ್ದನ್ನೇ ಮಾಡಿ ನೋಡಿದ ದಂಪತಿಗಳು ಹಿಂದೆ ಅಮೆರಿಕದಲ್ಲಿದ್ದರು. ಅವರ ವೃತ್ತಾಂತವನ್ನು ವಾಚಕರ ಮುಂದಿಡಬೇಕೆನಿಸಿತು.

ವಿಂತ್ರಾಪ್ ಕೆಲಾಗ್ ಎಂಬವರು ಮನಶ್ಶಾಸ್ತ್ರಜ್ಞರು. ಬಂಗಾಳದ ಮಿಡ್ನಾಪುರದ ಕಡೆ ತೋಳಗಳ ಗವಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ಸಿಕ್ಕರೆಂಬ ಸುದ್ದಿ ಓದಿ ಅವರಿಗೆ ಈ ಯೋಚನೆ ಬಂತು. (ಆ ಸುದ್ದಿಯನ್ನು ಬಲ್ಲವರು ಈಗ ಅಷ್ಟಾಗಿ ನಂಬುವುದಿಲ್ಲ.) ಮೃಗಗಳ ನಡುವೆ ಬೆಳೆದ ಮಗು ಮೃಗದಂತಾಗುವುದಾದರೆ, ಮನುಷ್ಯರ ನಡುವೆ ಬೆಳೆದ ಮೃಗ ಏನಾದೀತು? 1931ರ ಜೂನ್ 26ರಂದು ಏಳೂವರೆ ತಿಂಗಳ ಗುವಾ ಫ್ಲಾರಿಡಾದಲ್ಲಿ ಅವರ ಮನೆ ಸೇರಿದಳು. ‘ಸೇರಿದಳು’ ಎಂದೇ ಬರೆಯುತ್ತೇವೆ, ಮನೆಯವರು ಹಾಗೆಯೇ ಕಂಡರು. ಮನೆಯಲ್ಲಿ ಹತ್ತು ತಿಂಗಳ ಮಗ ಡೊನಾಲ್ಡ್ ಇದ್ದ. ಇಬ್ಬರಿಗೂ ಒಂದೇ ಬಗೆಯ ಉಡುಪು, ಊಟ, ಸ್ನಾನ, ಮುದ್ದು.

ಗುಮಾಸ್ತರಾದ ನಮಗೆ ಎರಡು ಕಡತ ಬರೆದರೇ ಕೈ ನೋಯುತ್ತದೆ. ಆ ದಂಪತಿಗಳಾದರೋ ಒಂಬತ್ತು ತಿಂಗಳು ಎಲ್ಲವನ್ನೂ ಅಳೆದು ಬರೆದಿಟ್ಟರು. ಚಮಚದಿಂದ ಎರಡೂ ಕೂಸುಗಳ ತಲೆ ತಟ್ಟಿ ಸದ್ದಿನ ವ್ಯತ್ಯಾಸವನ್ನು ಕೂಡ! ಮೊದಮೊದಲು ಗುವಾಳೇ ಮುಂದು. ಲೋಟದಲ್ಲಿ ಕುಡಿಯುವುದು, ಚಮಚದಲ್ಲಿ ತಿನ್ನುವುದು, ಹೇಳಿದ ಮಾತು ಕೇಳುವುದು ಎಲ್ಲವೂ ಅವಳಿಗೆ ಬೇಗ ಬಂತು. ತಪ್ಪು ಮಾಡಿ ಬೈಸಿಕೊಂಡರೆ ಮುತ್ತು ಕೊಟ್ಟು ರಾಜಿಯಾಗುವಳು. ಡೊನಾಲ್ಡ್ ಜನರನ್ನು ಮುಖ ನೋಡಿ ಗುರುತಿಸಿದರೆ ಅವಳು ಮೈಯ ವಾಸನೆಯಿಂದ ಗುರುತಿಸುತ್ತಿದ್ದಳು. ಕಡೆಯ ಹೊತ್ತಿಗೆ ಹುಡುಗ 68 ಮಾತುಗಳಿಗೆ ಓಗೊಟ್ಟರೆ ಅವಳು 58ಕ್ಕೆ. ಮಾತಾಡಲು ಮಾತ್ರ ಒಂದೂ ಬರಲಿಲ್ಲ.

ಕಲಿತದ್ದು ಅವಳೊಬ್ಬಳೇ ಅಲ್ಲ. ತಿಂಡಿ ಕಂಡಾಗ ಗುವಾ ಗಂಟಲಿನಿಂದ ಒಂದು ಬಗೆಯ ಕೂಗು ಹಾಕುವಳು. ಡೊನಾಲ್ಡನೂ ಹಾಗೆಯೇ ಕೂಗತೊಡಗಿದ! ಹತ್ತೊಂಬತ್ತನೆಯ ತಿಂಗಳಲ್ಲಿ ಅವನಿಗಿದ್ದದ್ದು ಮೂರೇ ಮೂರು ಮನುಷ್ಯರ ಮಾತು. ಹೆತ್ತ ತಾಯಿಯ ಎದೆ ಹೇಗಾಗಿರಬೇಡ!

1932ರ ಮಾರ್ಚ್ 28ರಂದು ಪ್ರಯೋಗ ನಿಂತಿತು. ಏಕೆಂಬುದನ್ನು ಮಾತ್ರ ಅವರು ಮರುವರ್ಷದ ತಮ್ಮ ಗ್ರಂಥದಲ್ಲಿ ಬಿಡಿಸಿ ಹೇಳಿಲ್ಲ. ಚಮಚದ ಸದ್ದನ್ನು ಬರೆದವರು ಇದನ್ನು ಬಿಟ್ಟದ್ದು ನಮಗೆ ಸರಿಕಾಣುವುದಿಲ್ಲ. ಗುವಾಳನ್ನು ತಂದಿದ್ದ ಕೇಂದ್ರಕ್ಕೇ ಮರಳಿಸಿದರು. ಅಂಗಿ ತೊಟ್ಟು ಮೇಜಿನಲ್ಲಿ ಉಂಡವಳು ಪಂಜರ ಸೇರಿದಳು. 1933ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಳು.

ಹೇಯ್ಸ್ ಎಂಬ ಇನ್ನೊಬ್ಬ ದಂಪತಿಗಳು 1947ರಲ್ಲಿ ವಿಕಿ ಎಂಬ ಮರಿಯನ್ನು ಸಾಕಿ, ಬಹು ಶ್ರಮದಿಂದ ‘ಮಮಾ’, ‘ಪಾಪಾ’, ‘ಕಪ್’ ಎನ್ನಿಸಿದರು. ಮನುಷ್ಯರ, ಪ್ರಾಣಿಗಳ ಚಿತ್ರಗಳನ್ನು ಬೇರ್ಪಡಿಸಲು ಕೊಟ್ಟಾಗ ವಿಕಿ ತನ್ನ ಚಿತ್ರವನ್ನು ಮನುಷ್ಯರ ಗುಂಪಿಗೆ ಹಾಕಿದಳು. ತನ್ನ ಚಿಂಪಾಂಜಿ ತಂದೆಯ ಚಿತ್ರವನ್ನು ಪ್ರಾಣಿಗಳ ಗುಂಪಿಗೆ. ಅವಳೂ 1954ರಲ್ಲಿ ಹೋದಳು, ಏಳು ತುಂಬುವ ಮೊದಲೇ.

ನಮ್ಮ ಮಗಳಿಗೆ ಗುವಾ ಮುತ್ತು ಕೊಡುವವರೆಗಷ್ಟೇ ಕಥೆ ಹೇಳಿದ್ದೇವೆ. ಆಮೇಲೆ ಏನಾಯಿತೆಂದು ದಿನವೂ ಕೇಳುತ್ತಿದ್ದಾಳೆ.